ಕರೆಂಟಿಲ್ಲದ ಕೋಣೆಯ ಕೆಂಪು ಕಣ್ಣು

2008ನೆಯ ಇಸವಿ ಡಿಸೆಂಬರ್ 8, ಸೋಮವಾರ. ಬೆಳಿಗ್ಗೆ ಹತ್ತು ಗಂಟೆಗೆ ಹಾಲುಗುಡ್ಡದ ಧರ್ಮಾಸ್ಪತ್ರೆಯ ಗುಮಾಸ್ತ ಹನ್ನೆರಡನೆಯ ಸಲ ಸತ್ತಿರುವುದು ಪತ್ತೆಯಾಯಿತು.

ಗುಮಾಸ್ತ ಎಂದರೆ ಮನುಷ್ಯನಲ್ಲ, ಅಂಗೈ ಅಗಲದ ಒಂದು ಪೆಟ್ಟಿಗೆ. ಅದರೊಳಗೆ ಒಂದು ಮೈಕ್ರೋಕಂಟ್ರೋಲರ್ ಬೋರ್ಡು, ಚಾರ್ಜ್ ಮಾಡಿ ಹಾಕುವ ನಾಲ್ಕು ಸೆಲ್ಲು. ಲಸಿಕೆ ಇಡುವ ಫ್ರಿಜ್ಜಿನೊಳಕ್ಕೆ ಇಳಿಬಿಟ್ಟ ತಂತಿಯಿಂದ ಹತ್ತು ನಿಮಿಷಕ್ಕೊಮ್ಮೆ ತಾಪ ಅಳೆದು ಬರೆದುಕೊಳ್ಳುವುದು ಅದರ ಕೆಲಸ. ಬರೆದದ್ದನ್ನು ದಿನಕ್ಕೊಮ್ಮೆ ಯುಎಸ್‌ಬಿ ಕೇಬಲ್ಲಿನ ಮೂಲಕ ಪಕ್ಕದ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದರು. ದಿನವಿಡೀ ಬರೆಯುತ್ತದೆ, ಸಂಬಳ ಕೇಳುವುದಿಲ್ಲ ಎಂದು ಆಸ್ಪತ್ರೆಯವರೇ ಅದಕ್ಕೆ ಗುಮಾಸ್ತನೆಂದು ಹೆಸರಿಟ್ಟಿದ್ದರು.

ಎರಡು ವಾರದ ತರಬೇತಿ ಮುಗಿಸಿ ಅಂದೇ ಮರಳಿದ್ದ ಡಾಕ್ಟರ್ ಬೃಂದಾ, ದಾಖಲೆಯನ್ನು ಅಚ್ಚು ಹಾಕಿಸಿ ಮೇಜಿನ ಮೇಲೆ ಹರಡಿದರು. ಎರಡು ವಾರವೂ ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿ ರಾತ್ರಿಯೂ ಸಾಲುಗಳು ನಾಲ್ಕೂವರೆಯ ಆಸುಪಾಸಿನಲ್ಲಿ ನಿಂತುಹೋಗಿದ್ದವು. ಶನಿವಾರದ ರಾತ್ರಿ ಹನ್ನೆರಡೂವರೆಗೇ ನಿಂತಿದ್ದವು. ಬೆಳಿಗ್ಗೆ ಹತ್ತಕ್ಕೆ ಚಾರ್ಜಾದ ಸೆಲ್ಲು ಹಾಕಿದ ಮೇಲೆ ಮತ್ತೆ ಶುರು. ನಡುವೆ ಬರೀ ಬಿಳಿ ಕಾಗದ.

"ಯಶೋಧಾ, ಹೋದ ಗುರುವಾರ ಎಷ್ಟು ಮಕ್ಕಳಿಗೆ ದಡಾರದ ಲಸಿಕೆ ಹಾಕಿದ್ರಿ?"

"ನಲವತ್ತಾರು, ಮೇಡಂ."

"ಈ ಫ್ರಿಜ್ಜಿನದೇ?"

"ಇದರದ್ದೇ."

ಹದಿನೇಳು ವರ್ಷ ಸೂಜಿ ಹಿಡಿದ ನರ್ಸ್ ಯಶೋಧಾಳ ಕೈ ಸೀರೆಯ ಸೆರಗನ್ನು ಹುಡುಕಿತು. ಮಲೆನಾಡಿನ ಸೆರಗಿನಂತಿರುವ ಹೊಳಲ್ಕೆರೆಯ ಕಡೆ ಇನ್ನೂ ರೋಗದ ಸುದ್ದಿಯಿರಲಿಲ್ಲ; ಆದರೆ ಮತ್ತೋಡಿನ ಆಚೆಯ ಒಂದು ಹಟ್ಟಿಯಲ್ಲಿ ಹತ್ತು ದಿನದಿಂದ ದಡಾರ ಎದ್ದಿತ್ತು. ಅಲ್ಲಿ ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು ಕಟ್ಟಿದ್ದಾರೆಂದು ಬಸ್ಸಿನವರು ಹೇಳಿದ್ದರು. ಅಮ್ಮ ಬಂದ ಮನೆಯ ಗುರುತು ಅದು. ಎರಡು ಕೂಸುಗಳು ತೀರಿಕೊಂಡಿದ್ದವು.

"ಲಸಿಕೆ ಎರಡರಿಂದ ಎಂಟು ಡಿಗ್ರಿಯೊಳಗಿರಬೇಕು. ಎಂಟು ದಾಟಿದ್ರೆ ನಾವು ಹಾಕಿದ್ದು ಔಷಧಾನೋ ನೀರೋ ಯಾರಿಗೂ ಗೊತ್ತಾಗಲ್ಲ" ಎಂದರು ಡಾಕ್ಟರು. "ಬಾಟಲಿ ನೋಡಿದ್ರೂ ತಿಳಿಯಲ್ಲ, ಮಗು ನೋಡಿದ್ರೂ ತಿಳಿಯಲ್ಲ. ರೋಗ ಬಂದಾಗ ತಿಳಿಯುತ್ತೆ."

"ನಾನು ಬೆಳಿಗ್ಗೆ ಸಂಜೆ ಗಾಜಿನ ಥರ್ಮಾಮೀಟರು ನೋಡೀನಿ, ಮೇಡಂ. ಯಾವಾಗ ನೋಡಿದ್ರೂ ನಾಲ್ಕೇ ಇತ್ತು."

"ರಾತ್ರಿ?"

ಯಶೋಧಾಳ ಕಣ್ಣ ಮುಂದೆ ನಲವತ್ತಾರನೆಯ ಮಗು ಬಂದು ನಿಂತಿತು. ಕುರಿ ಕಾಯುವ ಪಾಪಣ್ಣನ ಮಗಳು, ಹತ್ತು ತಿಂಗಳ ಮಂಗಳಾ. ತಾಯಿ ಜಯಕ್ಕ ಬಾಗಿಲು ಹಾಕುವ ಹೊತ್ತಿಗೆ ಓಡೋಡಿ ಬಂದಿದ್ದಳು. ಸೂಜಿ ಚುಚ್ಚುವಾಗ ಅಳದೆ ಯಶೋಧಾಳ ಬಳೆ ಹಿಡಿದು ಎಳೆದ ಕೂಸು ಅದು. ‘ಇನ್ನೇನೂ ಭಯ ಇಲ್ಲ, ಹೋಗು ಜಯಕ್ಕ’ ಎಂದು ಬಾಯಿತುಂಬ ಹೇಳಿ ಕಳಿಸಿದವಳು ಯಶೋಧಾಳೇ.

ರಾತ್ರಿ ಆಸ್ಪತ್ರೆಯಲ್ಲಿ ಇರುತ್ತಿದ್ದವನು ಒಬ್ಬನೇ — ಕಾವಲುಗಾರ ಗೊಲ್ಲಪ್ಪ. ಕರೆಂಟು ಹೋಗಿ ಎರಡು ತಾಸಾದರೆ ಜನರೇಟರು ಹಚ್ಚಿ ಫ್ರಿಜ್ಜನ್ನು ನಡೆಸುವುದು ಅವನ ಹೊಣೆ. ಹಚ್ಚಿದನೋ ಇಲ್ಲವೋ ಎಂಬುದಕ್ಕೆ ಗುಮಾಸ್ತನೊಬ್ಬನೇ ಸಾಕ್ಷಿ. ಆ ಸಾಕ್ಷಿ ಪ್ರತಿ ರಾತ್ರಿ ಸಾಯುತ್ತಿದ್ದ.

"ನಿದ್ದೆ ಮಾಡಾಕೆ ಸಾಕ್ಷಿ ಕೊಂದಾನೆ, ಮೇಡಂ" ಎಂದ ಕಂಪ್ಯೂಟರ್ ನೋಡಿಕೊಳ್ಳುವ ದುರ್ಗೇಶ್. "ಒಂದು ಸೆಲ್ಲು ಹಿಂಗೆ ಎತ್ತಿ ಹಂಗೆ ಇಟ್ರೆ ಸಾಕು, ಬೋರ್ಡು ನಿಲ್ತೈತೆ."

"ಲೇ ದುರ್ಗೇಶ! ನಾಲಿಗೆ ಬಿಗಿ ಹಿಡಿದು ಮಾತಾಡು" ಎಂದು ಗೊಲ್ಲಪ್ಪ ಬಾಗಿಲಲ್ಲೇ ಗುಡುಗಿದ. ಆದರೆ ಅವನ ಕಣ್ಣು ನೆಲ ನೋಡುತ್ತಿತ್ತು. ಅದನ್ನು ಯಶೋಧಾ ಕಂಡಳು.

ಡಾಕ್ಟರು ಕಂಪ್ಯೂಟರಿನ ಹೊದಿಕೆಯ ಬಟ್ಟೆ ಎತ್ತಿದರು. ಅದರ ಮಗ್ಗುಲಲ್ಲಿ ಮೂರು ಒಣಗಿದ ನಿಂಬೆಹಣ್ಣುಗಳಿದ್ದವು.

"ಇದೇನು?"

ಕಸ ಗುಡಿಸುವ ಓಬಮ್ಮ ಪೊರಕೆಯನ್ನು ಎದೆಗವಚಿಕೊಂಡಳು. "ನಾನೇ ಇಟ್ಟಿದ್ದು, ತಾಯೀ. ಅದಕ್ಕೆ ಗಾಳಿ ಐತೆ. ಸಂಜಿಕೆ ಕಿಟಕಿ ಹಾಕಿ, ಮೇನ್ ತೆಗೆದು, ಬೀಗ ಹಾಕಾಕೆ ತಿರುಗಿದ್ರೆ — ಬಟ್ಟೆ ಕೆಳಗಿಂದ ಕೆಂಪು ಕಣ್ಣು ಬಿಟ್ಕಂಡು ನೋಡ್ತೈತೆ! ಕರೆಂಟ್ ಇಲ್ಲ, ಏನಿಲ್ಲ, ಅದೆಂಗ್ ಉರೀತೈತ್ರಿ?"

"ಬೆಳಿಗ್ಗೆ?"

"ಬೆಳಿಗ್ಗೆ ಇರಾಕಿಲ್ಲ. ರಾತ್ರಿಗೆ ಎದ್ದೋಗ್ತೈತೆ."

ದುರ್ಗೇಶ್ ನಕ್ಕ. "ಓಬಮ್ಮಾ, ಮುಂದಿನ ವಾರ ಕೋಳಿ ಕೊಯ್ತೀಯೇನು?"

ಡಾಕ್ಟರು ನಿಂಬೆಹಣ್ಣುಗಳನ್ನು ಬುಟ್ಟಿಗೆ ಹಾಕಿದರು. "ಓಬಮ್ಮಾ, ಆ ಮೇಜು ಇನ್ನು ಮುಟ್ಟಬೇಡ. ಶುಕ್ರವಾರ ನಾನು ಟ್ರಸ್ಟಿಗೂ ಪೊಲೀಸರಿಗೂ ಬರೀತೀನಿ. ಅಷ್ಟರೊಳಗೆ ಯಾರಾದ್ರೂ ನಿಜ ಹೇಳಿದ್ರೆ ಒಳ್ಳೇದು."

ಆ ಇರುಳು ಯಶೋಧಾ ಕಣ್ಣು ಮುಚ್ಚಲಿಲ್ಲ. ಹೊಸದುರ್ಗದಲ್ಲಿ ಅವಳ ಬಾಡಿಗೆ ಮನೆಯ ಮಾಲೀಕ ತಿಪ್ಪೇರುದ್ರಪ್ಪ, ವಿದ್ಯುತ್ ಇಲಾಖೆಯಲ್ಲಿ ಮೀಟರು ಪರೀಕ್ಷಿಸುತ್ತ ಮುಪ್ಪಾದವರು. ಕದ್ದು ಕರೆಂಟು ಎಳೆದವರನ್ನು ಅವರು ಹಿಡಿಯುತ್ತಿದ್ದದ್ದು ಬೇಲಿ ಹಾರಿಯಲ್ಲ, ಕಾಗದದ ಮೇಲೆ ಕಳೆಯುವ ಲೆಕ್ಕ ಹಾಕಿ. ಬೆಳಿಗ್ಗೆ ಅವರ ಜಗಲಿಯಲ್ಲಿ ನಿಂತು ಅವಳು ಎಲ್ಲವನ್ನೂ ಹೇಳಿದಳು.

"ದೆವ್ವ ಹಿಡಿಯಾಕೆ ನನ್ನ ಕರೀತೀಯೇನವ್ವ?"

"ದೆವ್ವ ಅಲ್ರಿ, ನಲವತ್ತಾರು ಮಕ್ಕಳು."

ತಿಪ್ಪೇರುದ್ರಪ್ಪನವರು ಮಾತಾಡದೆ ಚಪ್ಪಲಿ ಮೆಟ್ಟಿದರು. ಕರೆಂಟು ಅಳೆಯುವ ತಮ್ಮ ಹಳೆಯ ಮೀಟರನ್ನು ಬಗಲ ಚೀಲಕ್ಕೆ ಹಾಕಿಕೊಂಡರು. "ನಡಿ, ಹೋಗಾಣ. ಒಂಬತ್ತೂಕಾಲಿನ ಶ್ರೀರಾಂಪುರದ ಬಸ್ಸು ಸಿಗ್ತೈತೆ."

ಆಸ್ಪತ್ರೆಯಲ್ಲಿ ಅವರು ಮೊದಲು ನೋಡಿದ್ದು ಗುಮಾಸ್ತನನ್ನಲ್ಲ, ಗೋಡೆಯನ್ನು. ಮೇನ್ ಸ್ವಿಚ್ಚಿನ ಮೇಲೆ ಕೆಂಪು ಅಕ್ಷರದ ತಗಡು: ‘ಹೊರಡುವಾಗ ಮೇನ್ ತೆಗೆಯಿರಿ.’ ಅದನ್ನು ಒಂದು ನಿಮಿಷ ನೋಡಿ, ಕುರ್ಚಿಯಲ್ಲಿ ಕೂತರು.

"ಆಸ್ಪತ್ರೆ ಬಾಗಿಲು ಎಷ್ಟಕ್ಕೆ ಹಾಕ್ತೀರಿ?"

"ಐದೂವರೆಗೆ" ಎಂದಳು ಯಶೋಧಾ.

"ಶನಿವಾರ?"

"ಒಂದೂವರೆಗೆ. ಅರ್ಧ ದಿನ."

"ಮೇನ್ ತೆಗೆದ್ರೆ ಫ್ರಿಜ್ಜು?"

"ಅದರ ಲೈನು ಬೇರೆ. ಈ ಕೋಣೆದು ಮಾತ್ರ ಹೋಗ್ತೈತೆ."

"ಗುಮಾಸ್ತನಿಗೆ ಕೇಬಲ್ ಚುಚ್ಚಿದ್ದು ಬಿಡಿಸ್ತೀರೋ, ಹಂಗೇ ಬಿಡ್ತೀರೋ?"

"ಮುಂಚೆ ಬಿಡಿಸ್ತಿದ್ವಿ. ಈಗ ಎರಡು ವಾರದಿಂದ —" ಯಶೋಧಾ ದುರ್ಗೇಶನ ಕಡೆ ನೋಡಿದಳು.

"ಅದರ ಬಾಯಿ ಸಡಿಲ ಆಗೈತೆ, ಸಾರ್" ಎಂದ ದುರ್ಗೇಶ್ ಬೇಗ. "ದಿನಾ ಎಳೆದು ಚುಚ್ಚಿದ್ರೆ ಕಿತ್ತು ಬರ್ತೈತೆ. ಅದಕ್ಕೆ ಹಂಗೇ ಬಿಡ್ರಿ ಅಂದೆ. ಚುಚ್ಚಿದ್ರೆ ಒಳ್ಳೇದೇ ಅಲ್ಲವಾ? ಕಂಪ್ಯೂಟರಿಂದ ಒಂದಿಷ್ಟು ಕರೆಂಟ್ ಹೋಗ್ತೈತೆ."

"ಹೋಗ್ತೈತೆ" ಎಂದರು ತಿಪ್ಪೇರುದ್ರಪ್ಪ. ಅದು ಒಪ್ಪಿಗೆಯೋ ಪ್ರಶ್ನೆಯೋ ತಿಳಿಯಲಿಲ್ಲ. "ಗೊಲ್ಲಪ್ಪಾ, ಬಾರಪ್ಪ ಇಲ್ಲಿ. ಕೋಣೆಯ ಬೀಗದ ಕೈ ರಾತ್ರಿ ಯಾರ ಹತ್ರ ಇರ್ತೈತೆ?"

"ನನ್ನ ಹತ್ರಾನೇ, ಸ್ವಾಮಿ."

"ನಾಲ್ಕೂವರೆಗೆ ಒಳಗೆ ಹೋಗ್ತೀಯಾ?"

"ಇಲ್ಲ."

"ಶನಿವಾರ ಹನ್ನೆರಡೂವರೆಗೆ?"

"ಇಲ್ಲ, ಸ್ವಾಮಿ! ನನ್ನ ಕುರಿ ಮ್ಯಾಲಾಣೆ. ಆ ಕೆಂಪು ಕಣ್ಣು ಒಂದಿನ ಕಿಟಕಿ ಸಂದಿಯಾಗ ನಾನೂ ಕಂಡೀನಿ. ಒಳಗೆ ಹೋಗು ಅಂದ್ರೂ ಹೋಗಾಕಿಲ್ಲ."

"ಯಾಕೆ ಹೇಳಲಿಲ್ಲ?"

"ಕಾವಲುಗಾರ ಹೆದರ್ಕಂಡ ಅಂತ ಹೇಳಿಕ್ಯಬೇಕಾ?"

ಓಬಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ತಿಪ್ಪೇರುದ್ರಪ್ಪನವರು ಬಂದಾಗಿನಿಂದ ಆ ಕೋಣೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ತಿಪ್ಪೇರುದ್ರಪ್ಪನವರು ಪೆನ್ಸಿಲು ತೆಗೆದು ಅಚ್ಚಿನ ಹಾಳೆಯ ಅಂಚಿನಲ್ಲಿ ಎರಡು ಸಾಲು ಬರೆದರು. ಕೆಳಗೆ ಗೆರೆ ಎಳೆದರು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಡಾಕ್ಟರಮ್ಮಾ, ಇವತ್ತು ಸಂಜೆ ಐದೂವರೆಗೆ ಎಲ್ಲರೂ ಇಲ್ಲೇ ಇರ್ರಿ. ಎಲ್ಲವೂ ದಿನಾ ಮಾಡಿದಂಗೇ ನಡೀಲಿ. ಯಾರೂ ಜಾಸ್ತಿ ಜಾಣತನ ಮಾಡಬ್ಯಾಡ್ರಿ."

ಐದೂವರೆಯಾಯಿತು. ದುರ್ಗೇಶ್ ಕಂಪ್ಯೂಟರು ನಿಲ್ಲಿಸಿದ, ಯುಪಿಎಸ್ ಆರಿಸಿದ, ಬಟ್ಟೆ ಹೊದಿಸಿದ. ಓಬಮ್ಮ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಕೋಣೆ ಕತ್ತಲಾಯಿತು. ಅವಳು ಮೇನಿನ ಹಿಡಿಕೆಯ ಮೇಲೆ ಕೈಯಿಟ್ಟಳು.

"ತೆಗಿ."

ಖಟ್ — ಎಂದಿತು. ಫ್ಯಾನು ನಿಧಾನವಾಗಿ ನಿಂತಿತು.

ಬಟ್ಟೆಯ ಅಂಚಿನ ಕೆಳಗೆ ಮಂಕಾಗಿ, ಆರುವ ಕೆಂಡದಂತೆ, ಕೆಂಪು ಬೆಳಕು.

ಡಾಕ್ಟರು ಯಶೋಧಾಳ ಮುಂಗೈ ಹಿಡಿದುಕೊಂಡರು. ಹಿಡಿದದ್ದು ಧೈರ್ಯ ಹೇಳುವುದಕ್ಕಲ್ಲ. ಓಬಮ್ಮ, "ನೋಡ್ರಿ... ನೋಡ್ರಿ ತಾಯೀ..." ಎಂದಳು.

ತಿಪ್ಪೇರುದ್ರಪ್ಪನವರು ನೇರ ಹೋಗಿ ಬಟ್ಟೆ ಎಳೆದರು. ಮೇಜಿನ ಮೇಲಿದ್ದ ಮೌಸನ್ನು ಮಗುಚಿದರು. ಹೊಟ್ಟೆಯ ಅಡಿಯ ಪುಟ್ಟ ದೀಪ ಅವರ ಅಂಗೈಯನ್ನು ಕೆಂಪಾಗಿಸಿತು. ಅವರು ಮೌಸನ್ನು ಹಾಗೇ ಹಿಡಿದು, ಇನ್ನೊಂದು ಕೈಯಿಂದ ಗುಮಾಸ್ತನ ಬಾಯಿಗೆ ಚುಚ್ಚಿದ್ದ ಕೇಬಲ್ಲನ್ನು ಕಿತ್ತರು.

ಕಣ್ಣು ಆರಿತು.

ಮತ್ತೆ ಚುಚ್ಚಿದರು. ಕಣ್ಣು ತೆರೆಯಿತು.

ಕತ್ತಲಲ್ಲಿ ಯಾರೋ ಬಿಕ್ಕಿದ ಸದ್ದು ಕೇಳಿಸಿತು. ಯಾರೆಂದು ಆಗ ಯಶೋಧಾಳಿಗೆ ತಿಳಿಯಲಿಲ್ಲ.

ತಿಪ್ಪೇರುದ್ರಪ್ಪನವರು ಕಿಟಕಿ ತೆರೆಸಿದರು. ಕೇಬಲ್ಲಿನ ನಡುವೆ ಮೀಟರು ಕೂಡಿಸಿ ಒಂದು ಅಂಕಿ ಬರೆದುಕೊಂಡರು. "ಕಾರಣ ಸಿಕ್ತು. ಆದ್ರೆ ನನ್ನ ಕೆಲಸ ಮುಗಿದಿಲ್ಲ. ಡಾಕ್ಟರಮ್ಮಾ, ಲಸಿಕೆಯೆಲ್ಲ ಐಸಿನ ಪೆಟ್ಟಿಗೆಗೆ ಹಾಕ್ರಿ. ಈ ಫ್ರಿಜ್ಜು ನನಗೆ ಒಂದು ಹಗಲು ಒಂದು ರಾತ್ರಿ ಬೇಕು. ಗುರುವಾರ ಸಂಜೆ ಎಲ್ಲ ಹೇಳ್ತೀನಿ."

"ಮಕ್ಕಳ ವಿಷಯ ಈಗಲೇ ಹೇಳ್ರಿ" ಎಂದಳು ಯಶೋಧಾ. ಅವಳ ದನಿ ಅವಳಿಗೇ ಪರಕೀಯವಾಗಿತ್ತು.

"ಲೆಕ್ಕ ಮುಗೀದೆ ಉತ್ತರ ಹೇಳೋದು ನನಗೆ ಗೊತ್ತಿಲ್ಲವ್ವ."

ಎರಡು ದಿನ ಅವಳು ಊಟ ಮಾಡಿದಳು, ಗಾಯ ಕಟ್ಟಿದಳು, ಬಸುರಿಯರ ತೂಕ ಬರೆದಳು. ಆ ಗುರುವಾರ ಲಸಿಕೆ ನಿಲ್ಲಿಸಿದ್ದರಿಂದ ತಾಯಂದಿರು ಬಾಗಿಲಿಂದಲೇ ಹಿಂತಿರುಗಿದರು. "ಯಾಕಕ್ಕ, ಔಷಧಿ ಕೆಟ್ಟೋಗೈತಂತೆ?" ಎಂದು ಒಬ್ಬಳು ಕೇಳಿದಳು. "ನಮ್ಮ ಹುಡುಗಂಗೆ ಹೋದ ವಾರ ಹಾಕಿದ್ರಲ್ಲ, ಅದು?" ಯಶೋಧಾ, "ಅದು..." ಎಂದು ಲಸಿಕೆಯ ಪುಸ್ತಕ ತೆರೆದಳು.

ಸಂಜೆ ಎಲ್ಲರೂ ಸೇರಿದರು. ತಿಪ್ಪೇರುದ್ರಪ್ಪನವರು ಗುಮಾಸ್ತನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಿದ್ದರು. ಪಕ್ಕದಲ್ಲಿ ಮಡಚಿದ ಹಾಳೆ.

"ಕಳ್ಳ ನಾಲ್ಕೂವರೆಗೆ ಬರ್ತಾನೆ ಅಂತ ನೀವು ಗಡಿಯಾರ ನೋಡಿದ್ರಿ. ನಾನು ಕಳೆದು ನೋಡಿದೆ. ಸಂಜೆ ಐದೂವರೆಯಿಂದ ಬೆಳಗಿನ ಜಾವ ನಾಲ್ಕೂವರೆಗೆ ಎಷ್ಟು ತಾಸು?"

"ಹನ್ನೊಂದು" ಎಂದರು ಡಾಕ್ಟರು.

"ಶನಿವಾರ ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಹನ್ನೆರಡೂವರೆಗೆ?"

ಡಾಕ್ಟರು ತಡೆದು ಹೇಳಿದರು. "ಹನ್ನೊಂದು."

"ಮನುಷ್ಯ ಆದ್ರೆ ಗಡಿಯಾರ ನೋಡಿ ಬರ್ತಾನೆ. ಇದು ಬಾಗಿಲು ಹಾಕಿದ ಗಳಿಗೆಯಿಂದ ಎಣಿಸ್ತೈತೆ. ಹನ್ನೆರಡು ಸಲವೂ ಹನ್ನೊಂದೇ ತಾಸು. ಹಂಗೆ ಎಣಿಸೋದು ಕಳ್ಳ ಅಲ್ಲ — ಸೋರೋ ಗಡಿಗೆ. ಗುಮಾಸ್ತನನ್ನ ಯಾರೂ ಕೊಂದಿಲ್ಲ. ಅವನ ರಕ್ತ ಸೋರಿ ಹೋಗೈತೆ."

ಅವರು ಬೋರ್ಡಿನ ಮೇಲೆ ಪೆನ್ಸಿಲಿನ ಮೊನೆ ಇಟ್ಟರು. "ಈ ಬೋರ್ಡಿಗೆ ಎರಡು ಕಡೆಯಿಂದ ಕರೆಂಟ್ ಬರ್ತೈತೆ. ಒಂದು ಸೆಲ್ಲಿಂದ, ಇನ್ನೊಂದು ಯುಎಸ್‌ಬಿ ಕೇಬಲ್ಲಿಂದ. ಎರಡು ದಾರಿಗೂ ಒಂದೊಂದು ಡಯೋಡ್ ಹಾಕಿರ್ತಾರೆ. ಡಯೋಡ್ ಅಂದ್ರೆ ಒಳಗಡೆಗೆ ಮಾತ್ರ ತೆರೆಯೋ ಕದ. ಬಂದ ಕರೆಂಟು ಹಿಂದಕ್ಕೆ ಹೋಗಂಗಿಲ್ಲ. ಸೆಲ್ಲಿನ ಕದ ಸರಿ ಐತೆ. ಕೇಬಲ್ಲಿನ ಕದ ನೋಡ್ರಿ."

ಯಶೋಧಾ ಬಾಗಿ ನೋಡಿದಳು. ಸಾಸಿವೆಯಷ್ಟು ಕಪ್ಪು ತುಂಡೊಂದರ ಬೆನ್ನ ಮೇಲೆ, ಕೂದಲಷ್ಟು ತೆಳುವಾದ ತಾಮ್ರದ ತಂತಿಯೊಂದು ಆ ತುದಿಯಿಂದ ಈ ತುದಿಗೆ ಬೆಸೆದು ಕೂತಿತ್ತು.

"ಕದಕ್ಕೆ ಯಾರೋ ಗೂಟ ಕೊಟ್ಟಾರೆ. ಇನ್ನು ಕದ ಮುಚ್ಚೋ ಮಾತೇ ಇಲ್ಲ. ಹಗಲು ಕಂಪ್ಯೂಟರ್ ನಡೀತಿರ್ತೈತೆ, ಕರೆಂಟು ಅಲ್ಲಿಂದ ಇಲ್ಲಿಗೆ ಬರ್ತೈತೆ, ಏನೂ ತೊಂದ್ರೆ ಇಲ್ಲ. ಸಂಜೆ ಮೇನ್ ತೆಗೀತೀರಿ. ಆಗ ಕಂಪ್ಯೂಟರು ಬತ್ತಿದ ಬಾವಿ. ನಾಲ್ಕು ಸೆಲ್ಲಿನ ಕರೆಂಟು ಇಲ್ಲಿಂದ ಅಲ್ಲಿಗೆ ಹರೀತೈತೆ. ಅದರಾಗ ಒಂದು ಪಾಲು ಮೌಸಿಗೆ. ಓಬಮ್ಮ ಕಂಡಿದ್ದು ದೆವ್ವ ಅಲ್ಲ, ಸಾಯ್ತಿರೋ ಗುಮಾಸ್ತನ ಉಸಿರು. ಬೆಳಗಾಗೋದ್ರೊಳಗೆ ಸೆಲ್ಲು ಖಾಲಿ, ಕಣ್ಣು ಮುಚ್ಚಿರ್ತೈತೆ. ಅದಕ್ಕೆ ಬೆಳಿಗ್ಗೆ ಬಂದ ನಿಮಗ್ಯಾರಿಗೂ ಅದು ಕಾಣಲಿಲ್ಲ. ಕೊನೆಗೆ ಕೋಣೆ ಬಿಡೋಳು ಅವಳೊಬ್ಬಳೇ. ಅವಳ ಮಾತನ್ನ ನೀವು ಬುಟ್ಟಿಗೆ ಹಾಕಿದ್ರಿ."

ಡಾಕ್ಟರು ಬುಟ್ಟಿಯ ಕಡೆ ನೋಡಲಿಲ್ಲ.

"ಆ ಸೋರಿಕೆ ಅಳೆದೆ. ನೂರ ಎಂಬತ್ತೆರಡು ಮಿಲಿಆಂಪಿಯರ್. ಸೆಲ್ಲಿನ ಮೇಲೆ ಬರೆದದ್ದು ಎರಡು ಸಾವಿರ. ಭಾಗಿಸ್ರಿ."

ಯಾರೂ ಭಾಗಿಸಲಿಲ್ಲ. ಎಲ್ಲರಿಗೂ ಉತ್ತರ ಗೊತ್ತಿತ್ತು.

"ಗೂಟ ಕೊಟ್ಟವರು ಯಾರು?" ಎಂದರು ಡಾಕ್ಟರು.

"ಗೊಲ್ಲಪ್ಪನಿಗೆ ಬೆಸುಗೆ ಹಾಕಾಕೆ ಬರಾಕಿಲ್ಲ. ಓಬಮ್ಮನಿಗೂ ಇಲ್ಲ. ಕೇಬಲ್ ಕಿತ್ತರೆ ಬಾಯಿ ಕಿತ್ತು ಬರ್ತೈತೆ ಅಂತ ಹೇಳಿದವನು ಒಬ್ಬ. ಆ ಬಾಯಿ ಸಡಿಲ ಆಗಿದ್ದು ಎಳೆದು ಅಲ್ಲ, ಬಿಸಿ ತಾಗಿ. ಸುತ್ತ ಪ್ಲಾಸ್ಟಿಕ್ ಕರಗೈತೆ." ಅವರು ತಲೆಯೆತ್ತಿದರು. "ದುರ್ಗೇಶ್, ನೀನೇ ಹೇಳ್ತೀಯೋ, ನಾನು ಹೇಳಲೋ?"

ದುರ್ಗೇಶನ ಮುಖ ಸುಣ್ಣವಾಗಿತ್ತು. ಮಂಗಳವಾರ ಕತ್ತಲಲ್ಲಿ ಬಿಕ್ಕಿದವನು ಯಾರೆಂದು ಯಶೋಧಾಳಿಗೆ ಈಗ ತಿಳಿಯಿತು.

"ದಾಖಲೆ ಇಳಿಸುವಾಗ ಅದು ಮತ್ತೆ ಮತ್ತೆ ಆರಿ ಹತ್ತುತಿತ್ತು, ಸಾರ್. ಉದ್ದ ಕೇಬಲ್ಲು, ನಡುವೆ ಕೇಬಲ್ಲು ಕವಲು ಮಾಡೋ ಒಂದು ಹಬ್ಬು. ಇಲ್ಲಿಗೆ ಬರೋ ಹೊತ್ತಿಗೆ ಕರೆಂಟು ಸೊರಗ್ತಿತ್ತು. ಆ ಡಯೋಡ್ ಇನ್ನೊಂದಿಷ್ಟು ತಿನ್ನುತ್ತೆ ಅಂತ ಚಿತ್ರದುರ್ಗದಾಗ ಗೆಳೆಯ ಹೇಳಿದ. ತಂತಿ ಹಾಕಿದೆ. ಇಳಿಸೋದು ಸರಿಹೋಯ್ತು. ಪೆಟ್ಟಿಗೆಯ ಸೀಲು ಒಡೆದಿದ್ದೆ... ಅದಕ್ಕೆ ಹೇಳಲಿಲ್ಲ."

"ಸೊರಗಿದ್ದು ಕೇಬಲ್ಲು. ಗಿಡ್ಡ ಕೇಬಲ್ಲು ಹಾಕಿ ಹಬ್ಬು ತೆಗೆದಿದ್ರೆ ಸಾಕಿತ್ತು. ಬಾಗಿಲು ಸಣ್ಣದಾಯ್ತು ಅಂತ ಕದ ಕಿತ್ತು ಹಾಕ್ತಾರೇನಪ್ಪ?"

"ತಂತಿಯಿಂದ ಸಾಯ್ತೈತೆ ಅಂತ ನನಗೆ ಗೊತ್ತಿರಲಿಲ್ಲ, ಸಾರ್. ದೇವ್ರಾಣೆಗೂ."

"ಅದು ಗೊತ್ತಿರಲಿಲ್ಲ. ಸೀಲು ಒಡೆದವನು ನೀನು ಅಂತ ಗೊತ್ತಿತ್ತು. ಗೊತ್ತಿದ್ದೂ ಗೊಲ್ಲಪ್ಪನ ಕಡೆ ಬೆರಳು ತೋರಿಸ್ದೆ. ತಂತಿ ತಪ್ಪು. ಬೆರಳು ಅಪರಾಧ." ತಿಪ್ಪೇರುದ್ರಪ್ಪನವರು ಗೋಡೆಯ ತಗಡನ್ನು ತೋರಿಸಿದರು. "ನನ್ನ ಪಾಲೂ ಐತೆ. ಇಲ್ಲಿ ಸಿಡಿಲು ಬಡಿದ ವರ್ಷ ಇಲಾಖೆಯಿಂದ ಬಂದು ಆ ತಗಡು ಬರೆದು ಹೊಡೆದವನು ನಾನೇ. ಮೇನ್ ತೆಗೀರಿ ಅಂದೆ. ಕೇಬಲ್ ತೆಗೀರಿ ಅನ್ನಲಿಲ್ಲ."

"ಮಕ್ಕಳು?" ಎಂದಳು ಯಶೋಧಾ. ಅವಳಿಗೆ ತಂತಿಯೂ ಬೇಡವಾಗಿತ್ತು, ತಗಡೂ ಬೇಡವಾಗಿತ್ತು.

"ಹೇಳ್ತೀನಿ. ಕುಂತ್ಕಳ್ರಿ." ಅವರು ಹಾಳೆ ಬಿಡಿಸಿದರು. "ಫ್ರಿಜ್ಜಿನ ಕರೆಂಟು ತೆಗೆದು ನೋಡಿದೆ. ನಾಲ್ಕು ಡಿಗ್ರಿಯಿಂದ ಎಂಟಕ್ಕೆ ಏರಾಕೆ ಆರು ತಾಸು. ಕರೆಂಟು ಕೊಟ್ಟ ಮೇಲೆ ಎಂಟರಿಂದ ನಾಲ್ಕಕ್ಕೆ ಇಳಿಯಾಕೆ ಒಂಬತ್ತು. ಗುಮಾಸ್ತ ಸತ್ತಿದ್ದು ನಾಲ್ಕೂವರೆಯಿಂದ ಹತ್ತರವರೆಗೆ, ಐದೂವರೆ ತಾಸು. ಸಾಯೋಕೆ ಮುಂಚೆ ನಾಲ್ಕು ಡಿಗ್ರಿ ಬರೆದಾನೆ, ಎದ್ದ ಮೇಲೂ ನಾಲ್ಕು ಬರೆದಾನೆ. ಐದೂವರೆ ತಾಸಿನಾಗ ಎಂಟು ಮುಟ್ಟೋಕೇ ಆಗಾಕಿಲ್ಲ, ಇನ್ನು ಮುಟ್ಟಿ ಇಳಿಯೋದೆಲ್ಲಿಂದ ಬಂತು? ಹತ್ತು ರಾತ್ರಿ ಶುದ್ಧ."

ಯಶೋಧಾ ಉಸಿರು ಬಿಟ್ಟಳು. ಅರ್ಧಕ್ಕೇ ತಡೆದಳು. "ಸತ್ತಿದ್ದು ಹನ್ನೆರಡು ಸಲ ಅಲ್ರಾ?"

ಮುದುಕರು ಅವಳನ್ನು ಮೆಚ್ಚುಗೆಯಿಂದಲೋ ಕನಿಕರದಿಂದಲೋ ನೋಡಿದರು.

"ಎರಡು ಶನಿವಾರ ಉಳೀತವೆ. ಭಾನುವಾರ ಬಾಗಿಲು ತೆಗೆಯೋರಿಲ್ಲ. ಶನಿವಾರ ರಾತ್ರಿ ಹನ್ನೆರಡೂವರೆಯಿಂದ ಸೋಮವಾರ ಹತ್ತರವರೆಗೆ ಮೂವತ್ತಮೂರೂವರೆ ತಾಸು ಸಾಕ್ಷಿ ಇಲ್ಲ. ಎರಡನೇ ಭಾನುವಾರ ನೀವು ಲಸಿಕೆ ಹಾಕಿದ ಮೇಲೆ ಬಂದದ್ದು, ಅದು ನಲವತ್ತಾರರ ಲೆಕ್ಕಕ್ಕಿಲ್ಲ. ಮೊದಲನೆಯದು ನವೆಂಬರ್ ಮೂವತ್ತು. ಸಬ್‌ಸ್ಟೇಷನ್ನಿನ ಪುಸ್ತಕ ನೋಡಿ ಬಂದೆ. ಅವತ್ತು ಈ ಲೈನು ಬೆಳಿಗ್ಗೆ ಆರಕ್ಕೆ ತೆಗೆದು ಮಧ್ಯಾಹ್ನ ಮೂರಕ್ಕೆ ಕೊಟ್ಟಾರೆ."

ಅವರು ಹಾಳೆಯ ಮೇಲೆ ಆ ಎರಡು ವೇಳೆಗಳ ಕೆಳಗೆ ಗೆರೆ ಎಳೆದರು.

"ಒಂಬತ್ತು ತಾಸು. ಜನರೇಟರ್ ನಡೆದಿದ್ರೆ ನಾಲ್ಕೇ ಡಿಗ್ರಿ. ನಡೆದಿಲ್ಲದಿದ್ರೆ ನಡುಹಗಲು ಹನ್ನೆರಡಕ್ಕೆ ಎಂಟು ದಾಟಿ, ಮೂರಕ್ಕೆ ಹತ್ತು ಮುಟ್ಟಿ, ರಾತ್ರಿ ಏಳೂವರೆಗೆ ತಿರುಗಿ ಎಂಟಕ್ಕೆ ಇಳಿದಿರ್ತೈತೆ. ಸೋಮವಾರ ನೀವು ನೋಡುವಾಗ ಅಮಾಯಕನಂಗೆ ನಾಲ್ಕು ತೋರಿಸಿರ್ತೈತೆ. ಎರಡರಾಗ ಯಾವುದು? ಇಲ್ಲಿಗೆ ನನ್ನ ಲೆಕ್ಕ ಮುಗೀತು. ಮುಂದಿನದು ಒಬ್ಬ ಮನುಷ್ಯನ ಬಾಯಾಗ ಐತೆ."

ಗೊಲ್ಲಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವನ ಮೇಲಿನ ಆರೋಪ ಈಗಷ್ಟೇ ಬಿದ್ದುಹೋಗಿತ್ತು. ‘ಹಚ್ಚಿದೆ’ ಎಂಬ ಒಂದೇ ಮಾತು ಸಾಕಿತ್ತು. ಸುಳ್ಳೆಂದು ತೋರಿಸಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ಮೂರು ದಿನದಿಂದ ಕಳ್ಳ, ಕಳ್ಳ ಅಂದ್ರಿ" ಎಂದ ಅವನು. "ಅನ್ನೋವರೆಗೂ ಬಾಯಿ ಬಿಡಬಾರದು ಅಂತಿದ್ದೆ. ಈಗ ಈ ಸ್ವಾಮಿ ಕಳ್ಳ ಅಲ್ಲ ಅಂದ್ರು." ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. "ಆ ಭಾನುವಾರ ನಾನು ಇರಲಿಲ್ಲ, ಮೇಡಂ. ಮತ್ತೋಡಿನಾಗ ತಂಗಿ ಮಗಳನ್ನ ನೋಡಾಕೆ ಗಂಡಿನೋರು ಬಂದಿದ್ರು. ನಸುಕಿಗೆ ಹೋದೋನು ಸಂಜೆ ಬಂದೆ. ಬಂದಾಗ ಕರೆಂಟಿತ್ತು. ಹೋಗಿತ್ತು ಅಂತಾನೇ ಗೊತ್ತಿರಲಿಲ್ಲ."

ಯಶೋಧಾ ತನ್ನ ಬಳೆಯನ್ನು ಮುಟ್ಟಿ ನೋಡಿಕೊಂಡಳು. ಬಳೆ ಹಿಡಿದೆಳೆದ ಆ ಪುಟ್ಟ ಬೆರಳುಗಳು. ‘ಇನ್ನೇನೂ ಭಯ ಇಲ್ಲ.’

"ಹತ್ತು ಡಿಗ್ರಿಯಲ್ಲಿ ಪೂರ್ತಿ ಕೆಟ್ಟಿದೆ ಅಂತಲೂ ಹೇಳಕ್ಕಾಗಲ್ಲ, ಉಳಿದಿದೆ ಅಂತಲೂ ಹೇಳಕ್ಕಾಗಲ್ಲ" ಎಂದರು ಡಾಕ್ಟರು. "ಇನ್ನೊಂದು ಸಲ ಹಾಕಬೇಕು. ಆದ್ರೆ ಮೊದಲಿನದಕ್ಕೂ ಇದಕ್ಕೂ ನಾಲ್ಕು ವಾರ ಅಂತರ ಬೇಕು."

"ಇಪ್ಪತ್ತೆಂಟು ದಿನ" ಎಂದರು ತಿಪ್ಪೇರುದ್ರಪ್ಪ. "ಜನವರಿ ಒಂದು."

ಡಾಕ್ಟರು ಎದ್ದು ಓಬಮ್ಮನ ಮುಂದೆ ನಿಂತರು. "ಓಬಮ್ಮಾ, ನಿನ್ನ ಮಾತು ಕೇಳಬೇಕಿತ್ತು."

"ಹೋಗ್ಲಿ ಬಿಡ್ರಿ ತಾಯೀ" ಎಂದಳು ಓಬಮ್ಮ. "ಮೂರು ನಿಂಬೆಹಣ್ಣು ದಂಡ ಆತು, ಅಷ್ಟೇ."

ಪೊಲೀಸರಿಗೆ ಕಾಗದ ಹೋಗಲಿಲ್ಲ. ಟ್ರಸ್ಟಿಗೆ ಹೋದ ಕಾಗದದಲ್ಲಿ ತಪ್ಪು ಮಾಡಿದವರ ಮೂರು ಹೆಸರುಗಳಿದ್ದವು, ಮೊದಲನೆಯದು ಡಾಕ್ಟರದೇ. ಗಿಡ್ಡ ಕೇಬಲ್ಲು ಬಂತು, ಹೊಸ ಡಯೋಡ್ ಬಂತು, ಗೋಡೆಯ ತಗಡಿನಲ್ಲಿ ಇನ್ನೊಂದು ಸಾಲು ಬಂತು. ಗುಮಾಸ್ತ ಆಮೇಲೆ ಒಂದು ರಾತ್ರಿಯೂ ಸಾಯಲಿಲ್ಲ.

ಉಳಿದ ಮೂರು ವಾರ ಯಶೋಧಾ ಬಸ್ಸಿನಿಂದ ಇಳಿಯುವ ಪ್ರತಿ ಸಲವೂ ಮೊದಲು ಮನೆಗಳ ಬಾಗಿಲು ನೋಡಿದಳು. ಮಾವಿನ ತೋರಣ ಕಂಡರೂ ಎದೆ ಹೊಡೆದುಕೊಳ್ಳುತ್ತಿತ್ತು.

ಜನವರಿ ಒಂದರ ಗುರುವಾರ ನಲವತ್ತೈದು ಮಕ್ಕಳು ಬಂದವು. ಬಾಗಿಲು ಹಾಕುವವರೆಗೆ ಕಾದ ಯಶೋಧಾ, ಬ್ಯಾಗು ಹೆಗಲಿಗೇರಿಸಿ ಪಾಪಣ್ಣನ ಗುಡಿಸಲಿಗೆ ಹೋದಳು. ಬಾಗಿಲಿಗೆ ಮುಳ್ಳು ಜಡಿದಿತ್ತು. "ಮಂದೆ ಹೊಡ್ಕಂಡು ಹೋದ್ರಲ್ಲ" ಎಂದಳು ಪಕ್ಕದ ಗುಡಿಸಲಿನ ಈರಕ್ಕ. "ಹತ್ತು ದಿನ ಆತು. ಹೊಳಲ್ಕೆರೆ ದಾಟಿ ಗದ್ದೆ ಸೀಮೆಗೆ. ಇನ್ನು ಬರೋದು ಮುಂಗಾರಿಗೇ."

"ಜಯಕ್ಕಂಗೆ ಯಾರೂ ಹೇಳಲಿಲ್ಲವಾ? ಇನ್ನೊಂದು ಸೂಜಿ ಐತೆ ಅಂತ?"

"ಹೇಳಿದ್ವಿ. ಹಾಕಿಸೀನಲ್ಲ, ಯಶೋದಕ್ಕನೇ ಭಯ ಇಲ್ಲ ಅಂದಾಳೆ ಅಂದ್ಲು."

ಮರುದಿನ ನಸುಕಿನಲ್ಲಿ ಗೊಲ್ಲಪ್ಪ ಕಂಬಳಿ ಹೊದ್ದು ಹೊರಟ. ಕಳಿಸಿದವರಿಲ್ಲ. "ಕುರಿ ಹೆಜ್ಜೆ ನನಗೆ ಗೊತ್ತಾಗ್ತೈತೆ" ಎಂದಷ್ಟೇ ಹೇಳಿದ.

ಐದನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಫೋನು ಬಡಿದುಕೊಂಡಿತು. ಯಶೋಧಾಳೇ ಎತ್ತಿದಳು. ಹೊಳಲ್ಕೆರೆಯ ಆಚೆ ಯಾವುದೋ ಅಂಗಡಿಯ ನಾಣ್ಯದ ಫೋನಿನ ಡಬ್ಬಿ. ಹಿಂದೆ ಲಾರಿಗಳ ಸದ್ದು.

"ಮಂದೆ ಸಿಕ್ತು, ಯಶೋದಮ್ಮ."

"ಮಗು?"

ಲಾರಿಯೊಂದು ಹಾದುಹೋಯಿತು.

"ಬಿಡಾರದ ಗೂಟಕ್ಕೆ ಬೇವಿನಸೊಪ್ಪು ಕಟ್ಯಾರೆ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಗೊಲ್ಲಪ್ಪನ ದನಿ ಮುಂದುವರಿಯಿತು. "ಉಸಿರು ಐತೆ. ಮೈ ಕೆಂಡ ಆಗೈತೆ, ಕಣ್ಣು ಬಿಡವಲ್ಲದು. ಡಾಕ್ಟರಮ್ಮನ್ನ ಕರ್ಕಂಡು ಬೇಗ ಬರ್ರಿ. ನಾನು ರಸ್ತೆ ಮ್ಯಾಲೆ ನಿಂತಿರ್ತೀನಿ."

ಡಾಕ್ಟರು ಜೀಪಿನ ಕಡೆ ಓಡಿದರು. ಔಷಧಿಯ ಪೆಟ್ಟಿಗೆ ತುಂಬಿಕೊಂಡ ಯಶೋಧಾ ಒಂದು ಗಳಿಗೆ ಮೇಜಿನ ಬಳಿ ನಿಂತಳು. ಲಸಿಕೆಯ ಪುಸ್ತಕ ತೆರೆದೇ ಇತ್ತು. ನಲವತ್ತೈದು ಹೆಸರುಗಳ ಮುಂದೆ ನಲವತ್ತೈದು ಗುರುತು. ಕೊನೆಯ ಸಾಲಿನಲ್ಲಿ, ಮಂಗಳಾ ಎಂಬ ಹೆಸರಿನ ಮುಂದೆ, ಅವಳು ಒಂದೇ ಶಬ್ದ ಬರೆದಳು.

ಬಾಕಿ.

ಆಮೇಲೆ ಜೀಪು ಹತ್ತಿದಳು.